ಬೋಟಲ್ಲಿ ಕರೆಂಟಿನ ಅಡುಗೆ: ಒಲೆ ಆಮೇಲೆ, ಮೊದಲು ಕೇಬಲ್ ನೋಡಿ

ಬೋಟಲ್ಲಿ ಗ್ಯಾಸ್ ತೆಗ್ದು ಇಂಡಕ್ಷನ್ ಹಾಕೋಣ ಅಂತ ಮನಸ್ಸು ಮಾಡಿದೋರು ಮೊದಲು ಕೇಳೋ ಪ್ರಶ್ನೆ ಒಂದೇ, ಯಾವ ಒಲೆ ತಗೊಳ್ಲಿ ಅಂತ. ಯಾವ್ದಾದ್ರೂ ತಗೊಳ್ಳಿ, ಅದು ಕೊನೇಲಿ ಯೋಚಿಸೋ ವಿಷ್ಯ ಅಂದ್ರೆ ಮುಖ ಸಪ್ಪಗಾಗತ್ತೆ. ಆದ್ರೆ ನಿಜ ಅದೇ. ಮನೇಲಿ ಒಲೆ ತಂದು ಪ್ಲಗ್ ಚುಚ್ಚಿದ್ರೆ ಕೆಲ್ಸ ಮುಗೀತು, ಗೋಡೆ ಹಿಂದೆ ಏನಿದೆ ಅಂತ ತಲೆ ಕೆಡಿಸ್ಕೊಳ್ಳೋದು ಬೇಡ, ಅಲ್ಲಿ ಇಡೀ ಗ್ರಿಡ್ಡೇ ಕೂತಿರತ್ತೆ. ಬೋಟಲ್ಲಿ ಆ ಗ್ರಿಡ್ಡನ್ನ ನೀವೇ ಕಟ್ಬೇಕು. ಪಾತ್ರೆ ತಳದಿಂದ ಶುರು ಮಾಡಿ ಒಲೆ, ಇನ್ವರ್ಟರ್, ಕೇಬಲ್, ಫ್ಯೂಸ್, ಬ್ಯಾಟ್ರಿ, ಅದನ್ನ ತುಂಬ್ಸೋ ಸೋಲಾರ್ ತನಕ ಹಿಂದಕ್ಕೆ ಹಿಂದಕ್ಕೆ ನಡ್ಕೊಂಡು ಹೋದ್ರೆ ಗಂಟು ಒಂದೊಂದಾಗಿ ಬಿಚ್ಕೊಳತ್ತೆ, ಅದಕ್ಕೆ ಇಲ್ಲೂ ಅದೇ ದಾರಿ ಹಿಡೀತೀನಿ.

ಅದಕ್ಕೂ ಮೊದ್ಲು ಗ್ಯಾಸಿಗೆ ಸಲ್ಬೇಕಾದ ಮರ್ಯಾದೆ ಸಲ್ಲಿಸಿಬಿಡೋಣ. ಒಂದು ಕಿಲೋ ಎಲ್‌ಪಿಜಿಯಲ್ಲಿ ಸುಮಾರು 12.8 ಯೂನಿಟ್ ಶಾಖ ಇರತ್ತೆ (ಯೂನಿಟ್ ಅಂದ್ರೆ ಕರೆಂಟ್ ಬಿಲ್ಲಲ್ಲಿ ಬರೋ ಅದೇ ಯೂನಿಟ್, 1000 ವ್ಯಾಟ್ ಅವರ್). 5 ಕಿಲೋ ಸಿಲಿಂಡರಲ್ಲಿ 64 ಯೂನಿಟ್ ಆಯ್ತು, ಅದ್ರಲ್ಲಿ ಪಾತ್ರೆಗೆ ಸೇರೋದು ಬರೀ 40 ಪರ್ಸೆಂಟ್ ಅಂದ್ಕೊಂಡ್ರೂ ಇಬ್ರಿಗೆ ಹೆಚ್ಚುಕಮ್ಮಿ ಒಂದು ತಿಂಗಳ ಅಡುಗೆ ನಡ್ಯತ್ತೆ. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಶಕ್ತಿ ಹಿಡಿಸೋ ಬ್ಯಾಟ್ರಿ ಇಲ್ಲ. ಹಾಗಿದ್ರೂ ಜನ ಯಾಕೆ ಬಿಡ್ತಿದಾರೆ ಅಂದ್ರೆ, ಎಲ್‌ಪಿಜಿ ಗಾಳಿಗಿಂತ ಭಾರ, ಲೀಕ್ ಆದ್ರೆ ಕಿಟಕಿಯಿಂದ ಹೊರಗೆ ಹೋಗಲ್ಲ, ಕೆಳಗಿಳಿದು ಬೋಟಿನ ತಳದ ಬಿಲ್ಜಲ್ಲಿ ನೀರಿನ ಥರ ತುಂಬ್ಕೊಂಡು ಕೂರತ್ತೆ, ಆಮೇಲೆ ಬಿಲ್ಜ್ ಪಂಪಿನ ಒಂದು ಕಿಡಿ ಸಾಕು. ಜೊತೆಗೆ ಒಂದು ಕಿಲೋ ಪ್ರೊಪೇನ್ ಉರಿದ್ರೆ 1.6 ಕಿಲೋ ನೀರಾವಿ ಹುಟ್ಟತ್ತೆ, ಚಳಿಗಾಲದಲ್ಲಿ ಕ್ಯಾಬಿನ್ ಗೋಡೆಯೆಲ್ಲಾ ಬೆವರೋದಕ್ಕೆ ಇದೂ ಒಂದು ಕಾರಣ. ಕಾರ್ಬನ್ ಮೊನಾಕ್ಸೈಡ್ ಭಯ ಬೇರೆ. ಇಷ್ಟಾಗೂ ಸರಿಯಾಗಿ ಕೂರಿಸಿದ ಗ್ಯಾಸ್ ಕೆಟ್ಟದ್ದೇನಲ್ಲ, ಬಿಸಿಲೇ ಕಾಣದ ಜಾಗದಲ್ಲಿ ವಾರಗಟ್ಟಲೆ ಲಂಗರು ಹಾಕಿರೋರು ಗ್ಯಾಸ್ ಇಟ್ಕೊಂಡ್ರೆ ನಾನಂತೂ ವಾದ ಮಾಡಲ್ಲ.

ಈಗ ಪಾತ್ರೆ. ಒಂದು ಲೀಟರ್ ನೀರನ್ನ 20 ಡಿಗ್ರಿಯಿಂದ 100 ಡಿಗ್ರಿಗೆ ತರೋಕೆ 93 ವ್ಯಾಟ್ ಅವರ್ ಬೇಕು, ಇದು ಭೌತಶಾಸ್ತ್ರ, ಯಾವ ಕಂಪನಿ ಒಲೆ ತಂದ್ರೂ ಇದಕ್ಕಿಂತ ಕಮ್ಮಿ ಆಗಲ್ಲ. ಇಂಡಕ್ಷನ್ ಒಲೆ ತಗೊಂಡ ಕರೆಂಟಲ್ಲಿ ಸುಮಾರು 85 ಪರ್ಸೆಂಟ್ ಪಾತ್ರೆಗೆ ಸೇರ್ಸತ್ತೆ, ಹಾಗಾಗಿ 110. ಇನ್ವರ್ಟರೂ ವೈರೂ ಸೇರಿ ಇನ್ನೊಂದು 10 ಪರ್ಸೆಂಟ್ ತಿಂತವೆ, 120 ಚಿಲ್ಲರೆ. 12 ವೋಲ್ಟ್ ಬ್ಯಾಟ್ರಿ ಲೆಕ್ಕದಲ್ಲಿ ಅದು ಸರಿಸುಮಾರು 10 ಆಂಪಿಯರ್ ಅವರ್. ಒಂದು ಲೀಟರಿಗೆ ಹತ್ತು. ಈ ಒಂದು ಸಂಖ್ಯೆ ತಲೇಲಿ ಇಟ್ಕೊಂಡ್ರೆ ಅರ್ಧ ಪ್ಲಾನಿಂಗ್ ಮುಗಿದಂಗೆ.

ದಿನದ ಲೆಕ್ಕಕ್ಕೆ ಬರೋಣ. ಇಬ್ರು ಇರೋ ಬೋಟಲ್ಲಿ ಬೆಳಗ್ಗೆ ಟೀ ಕಾಫಿ ಅಂತ ಎರಡು ಲೀಟರ್ ನೀರು 250 ವ್ಯಾಟ್ ಅವರ್, ಮೊಟ್ಟೆಯೋ ಇನ್ನೇನೋ ಹುರಿಯೋದಕ್ಕೆ 100, ಮಧ್ಯಾಹ್ನ ಬಿಸಿ ಮಾಡ್ಕೊಳೋದು 200, ರಾತ್ರಿ ಪ್ರೆಶರ್ ಕುಕ್ಕರಲ್ಲಿ ಒಂದು ದೊಡ್ಡ ಅಡುಗೆ 400, ಪಾತ್ರೆ ತೊಳೆಯೋಕೆ ಬಿಸಿನೀರು 120, ಒಟ್ಟು 1.1 ಯೂನಿಟ್ ಹತ್ರ ಬರತ್ತೆ. ಓವನಲ್ಲಿ ಬೇಕ್ ಮಾಡೋ ಚಟ ಇದ್ರೆ ಒಂದೊಂದು ಸಲಕ್ಕೆ ಇನ್ನೊಂದು ಯೂನಿಟ್ ಸೇರಿಸ್ಕೊಳ್ಳಿ. ಆದ್ರೆ ನನ್ನ ಲೆಕ್ಕ ನಂಬೋದು ಬೇಡ. ಪ್ಲಗ್ಗಿಗೂ ಒಲೆಗೂ ಮಧ್ಯೆ ಹಾಕೋ ಚಿಕ್ಕ ಪವರ್ ಮೀಟರ್ ಸಿಗತ್ತಲ್ಲ, ಅದನ್ನ ಹಾಕಿ ದಡದಲ್ಲಿ ಒಂದು ವಾರ ಬರೀ ಇಂಡಕ್ಷನಲ್ಲೇ ಅಡುಗೆ ಮಾಡಿ ನೋಡಿ, ನಿಮ್ಮ ಕೈರುಚಿಗೆ ಎಷ್ಟು ಯೂನಿಟ್ ಬೇಕು ಅಂತ ಯಾವ ತಜ್ಞರಿಗಿಂತ ಚೆನ್ನಾಗಿ ಆ ಮೀಟರ್ ಹೇಳತ್ತೆ. ಬೋಟ್ ಇಲ್ದೇನೇ ಮಾಡ್ಬಹುದಾದ ಪರೀಕ್ಷೆ ಇದು, ಆದ್ರೂ ಮಾಡೋರು ಕಮ್ಮಿ.

ಇಲ್ಲಿ ಒಂದು ಗೊಂದಲ ಬಿಡಿಸ್ಬೇಕು, ಯಾಕಂದ್ರೆ ಮುಂದಿನದ್ದೆಲ್ಲಾ ಇದ್ರ ಮೇಲೇ ನಿಂತಿದೆ. ವ್ಯಾಟ್ ಬೇರೆ, ವ್ಯಾಟ್ ಅವರ್ ಬೇರೆ. ಒಲೆ ಒಂದೇ ಕ್ಷಣದಲ್ಲಿ ಎಷ್ಟು ಎಳೆಯತ್ತೆ ಅನ್ನೋದು ವ್ಯಾಟ್, ಅದು ಇನ್ವರ್ಟರ್, ಕೇಬಲ್, ಫ್ಯೂಸ್ ಎಷ್ಟು ದೊಡ್ಡದು ಅಂತ ತೀರ್ಮಾನ ಮಾಡತ್ತೆ. ದಿನಕ್ಕೆ ಒಟ್ಟು ಎಷ್ಟು ಖರ್ಚು ಅನ್ನೋದು ವ್ಯಾಟ್ ಅವರ್, ಅದು ಬ್ಯಾಟ್ರಿ ಮತ್ತು ಸೋಲಾರ್ ಎಷ್ಟು ಅಂತ ಹೇಳತ್ತೆ. ಟೀಗೆ ನೀರು ಕಾಯೋಕೆ ನಾಲ್ಕು ನಿಮಿಷ ಸಾಕು, ಖರ್ಚು ಜುಜುಬಿ, ಆದ್ರೆ ಆ ನಾಲ್ಕು ನಿಮಿಷದಲ್ಲಿ 1800 ವ್ಯಾಟ್ ಹರೀಬೇಕು. ಬ್ಯಾಟ್ರಿ ದೊಡ್ಡದಿದ್ರೂ ವೈರ್ ಸಣ್ಣದಾದ್ರೆ ಒಲೆ ಉರಿಯಲ್ಲ, ವೈರ್ ದಪ್ಪ ಇದ್ದು ಬ್ಯಾಟ್ರಿ ಸಣ್ಣದಾದ್ರೆ ಬೆಳಗ್ಗೆ ಟೀ ಆಗತ್ತೆ, ರಾತ್ರಿ ಊಟ ಆಗಲ್ಲ.

ಈಗ ಕೇಬಲ್, ಅಂದ್ರೆ ಅಸಲಿ ವಿಷ್ಯ. 1800 ವ್ಯಾಟ್ ಒಲೆಗೆ ಇನ್ವರ್ಟರ್ ನಷ್ಟ ಸೇರಿಸಿ 2000 ವ್ಯಾಟ್ ಬ್ಯಾಟ್ರಿಯಿಂದ ಬರ್ಬೇಕು, 12 ವೋಲ್ಟಲ್ಲಿ ಅದು 160 ಆಂಪಿಯರ್ ಸುಮಾರು. ಬೋಟಲ್ಲಿ ಅಷ್ಟು ಕರೆಂಟ್ ಎಳೆಯೋದು ಎಂಜಿನ್ನಿನ ಸ್ಟಾರ್ಟರ್ ಮೋಟರ್, ಅದೂ ಎರಡು ಮೂರು ಸೆಕೆಂಡ್. ನೀವು ಅಷ್ಟನ್ನ ಅರ್ಧ ಗಂಟೆ ಎಳೀತೀರಿ. ವೈರಲ್ಲಿ ಹುಟ್ಟೋ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರತ್ತೆ, ಡಬಲ್ ಕರೆಂಟಿಗೆ ನಾಲ್ಕು ಪಟ್ಟು ಬಿಸಿ. ಬ್ಯಾಟ್ರಿಯಿಂದ ಇನ್ವರ್ಟರಿಗೆ ಎರಡೂವರೆ ಮೀಟರ್ ದೂರ ಅಂದ್ಕೊಳ್ಳಿ, ಹೋಗಿ ಬರೋದು ಐದು ಮೀಟರ್ (ಬರೋ ದಾರಿ ಲೆಕ್ಕ ಹಾಕೋದನ್ನ ಎಲ್ರೂ ಮರೀತಾರೆ, ನೆಗೆಟಿವ್ ವೈರೂ ವೈರೇ). 35 ಸ್ಕ್ವೇರ್ ಎಂಎಂ ತಾಮ್ರದಲ್ಲಿ 160 ಆಂಪಿಯರ್ ಹರಿದ್ರೆ 0.4 ವೋಲ್ಟ್ ದಾರೀಲೇ ಬಿದ್ದೋಗತ್ತೆ, 64 ವ್ಯಾಟ್ ವೈರಲ್ಲೇ ಬಿಸಿಯಾಗತ್ತೆ. 70 ಸ್ಕ್ವೇರ್ ಎಂಎಂ ಹಾಕಿದ್ರೆ ಎರಡೂ ಅರ್ಧ. ಇಂಥಾ ಮುಖ್ಯ ಲೈನಿಗೆ 3 ಪರ್ಸೆಂಟಿಗಿಂತ ಜಾಸ್ತಿ ವೋಲ್ಟೇಜ್ ಬೀಳ್ಬಾರ್ದು ಅನ್ನೋದು ಬಳಕೇಲಿರೋ ಲೆಕ್ಕ, 12 ವೋಲ್ಟಲ್ಲಿ ಅದು 0.36, ಅಂದ್ರೆ 35 ಫೇಲು, 70 ಪಾಸು. ಅದೇ 35ರ ಕೇಬಲ್ಲು 24 ವೋಲ್ಟಲ್ಲಿ ಇದ್ದಿದ್ರೆ ಕರೆಂಟ್ 80ಕ್ಕೆ ಇಳಿದು ಬಿಸಿ 16 ವ್ಯಾಟ್ ಆಗ್ತಿತ್ತು, 48 ವೋಲ್ಟಲ್ಲಿ ಬರೀ 4.

ಹಾಗಾದ್ರೆ ಎಲ್ರೂ 48ಕ್ಕೆ ಹೋಗ್ಬೇಕಾ? ನನ್ನ ಅಭಿಪ್ರಾಯ ಹೇಳ್ತೀನಿ. ಹೊಸ ಬೋಟು, ಎರಡು ಮೂರು ಒಲೆ, ಓವನ್ನು, ಎಲ್ಲಾ ಕರೆಂಟೇ ಅಂದ್ರೆ 24 ಅಥವಾ 48 ಕಣ್ಮುಚ್ಚಿ ತಗೊಳ್ಳಿ, 12 ವೋಲ್ಟ್ ಲೈಟು ಪಂಪುಗಳಿಗೆ ಒಂದು ಕನ್ವರ್ಟರ್ ಇಟ್ರಾಯ್ತು. ಈಗಾಗ್ಲೇ ಎಲ್ಲಾ 12 ವೋಲ್ಟಲ್ಲೇ ಇರೋ ಹಳೇ ಬೋಟಿಗೆ ಒಂದೇ ಒಲೆ ಸೇರಿಸೋದಾದ್ರೆ ಇಡೀ ವೈರಿಂಗ್ ಕಿತ್ತು ಹಾಕೋದು ಹುಚ್ಚುತನ, ಬದಲಿಗೆ ಇನ್ವರ್ಟರನ್ನ ಬ್ಯಾಟ್ರಿ ಪಕ್ಕಕ್ಕೆ ತನ್ನಿ, ಒಂದು ಮೀಟರೊಳಗೆ. ಇನ್ವರ್ಟರಿಂದ ಒಲೆಗೆ ಹೋಗೋ ಎಸಿ ವೈರ್ ಎಷ್ಟೇ ಉದ್ದ ಆಗ್ಲಿ, ಅಲ್ಲಿ ಹರಿಯೋದು 230 ವೋಲ್ಟಲ್ಲಿ 8 ಆಂಪಿಯರ್ ಅಷ್ಟೇ, ಸಣ್ಣ ವೈರ್ ಸಾಕು. ಅಡುಗೆ ಕೋಣೆ ಹತ್ರ ಇನ್ವರ್ಟರ್ ಇಡೋದು ಅನುಕೂಲ ಅನ್ಸತ್ತೆ, ಆದ್ರೆ ಅದೇ ತಪ್ಪು.

ಬ್ಯಾಟ್ರಿ ವಿಷ್ಯಕ್ಕೆ ಬಂದ್ರೆ ಲೆಡ್ ಆಸಿಡ್ಡಲ್ಲಿ, ಎಜಿಎಂ (ನೀರು ಹಾಕೋದು ಬೇಡದ ಸೀಲ್ ಮಾಡಿದ ಲೆಡ್ ಆಸಿಡ್) ಆದ್ರೂ ಸರಿ, ಅಡುಗೆ ಮಾಡೋದು ಕಷ್ಟಪಟ್ಟು ಮಾಡೋ ಕೆಲ್ಸ. 100 ಆಂಪಿಯರ್ ಅವರ್ ಅಂತ ಮೇಲೆ ಬರ್ದಿರ್ತಾರಲ್ಲ, ಅದು 20 ಗಂಟೆ ನಿಧಾನಕ್ಕೆ 5 ಆಂಪಿಯರ್ ಎಳೆದ್ರೆ ಸಿಗೋ ಲೆಕ್ಕ, 160 ಎಳೆದ್ರೆ ಅದ್ರಲ್ಲಿ ತುಂಬಾ ಕಮ್ಮಿ ಸಿಗತ್ತೆ, ವೋಲ್ಟೇಜ್ ದಡಕ್ಕನೆ ಕುಸಿದು ಇನ್ವರ್ಟರ್ ಕಿರುಚ್ಕೊಂಡು ಆಫ್ ಆಗತ್ತೆ, ಬ್ಯಾಟ್ರೀಲಿ ಇನ್ನೂ ಅರ್ಧ ಚಾರ್ಜ್ ಇದ್ರೂ. ಮೇಲಾಗಿ 50 ಪರ್ಸೆಂಟಿಗಿಂತ ಕೆಳಗೆ ಇಳಿಸಿದ್ರೆ ಆಯಸ್ಸು ಕಮ್ಮಿ, ಕೊನೇ 20 ಪರ್ಸೆಂಟ್ ತುಂಬೋಕೆ ಗಂಟೆಗಟ್ಟಲೆ ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟ್ರಿ, ಅಂದ್ರೆ ಎಲ್‌ಎಫ್‌ಪಿ, ಬಂದಿದ್ದಕ್ಕೇ ಬೋಟಲ್ಲಿ ಕರೆಂಟ್ ಅಡುಗೆ ಅನ್ನೋದು ಸಾಧಾರಣ ಮಾತಾಯ್ತು. 80 ಪರ್ಸೆಂಟ್ ಧಾರಾಳವಾಗಿ ಬಳಸ್ಬಹುದು, ಲೋಡ್ ಬಿದ್ರೂ ವೋಲ್ಟೇಜ್ ಜಗ್ಗಲ್ಲ. ಅಡುಗೆಗೆ 1.1 ಯೂನಿಟ್, ಫ್ರಿಜ್ಜು ಲೈಟು ಇತ್ಯಾದಿಗೆ ಇನ್ನೊಂದು, ಮೋಡ ಕವಿದ ಎರಡು ದಿನ ತಡೀಬೇಕು ಅಂದ್ರೆ 12 ವೋಲ್ಟಲ್ಲಿ 400 ಆಂಪಿಯರ್ ಅವರ್ ಎಲ್‌ಎಫ್‌ಪಿ ಸಾಕು, ತೂಕ 50 ಕಿಲೋ ಆಚೀಚೆ. ಇದೇ ಕೆಲ್ಸಕ್ಕೆ ಎಜಿಎಂ ಆದ್ರೆ 640 ಬೇಕು, 190 ಕಿಲೋ ಸುಮಾರು, ಅದೂ ಮೇಲೆ ಹೇಳಿದ ಕುಸಿತದ ಕಾಟ ಲೆಕ್ಕಕ್ಕೇ ತಗೊಳ್ದೆ.

ಎಲ್‌ಎಫ್‌ಪಿಯಲ್ಲೂ ಗುಂಡಿಗಳಿವೆ. ದೊಡ್ಡದು ಬಿಎಂಎಸ್, ಅಂದ್ರೆ ಬ್ಯಾಟ್ರಿ ಒಳಗೆ ಕೂತು ಕಾವಲು ಕಾಯೋ ಸರ್ಕ್ಯೂಟ್. 100 ಆಂಪಿಯರ್ ಅವರ್ ಬ್ಯಾಟ್ರಿಗಳಲ್ಲಿ ಬಹಳಷ್ಟಕ್ಕೆ 100 ಆಂಪಿಯರ್ ಬಿಎಂಎಸ್ ಇರತ್ತೆ, ಅದ್ರ ಮೇಲೆ ಎಳೆದ್ರೆ ಕಟ್ ಮಾಡತ್ತೆ. ಅಂದ್ರೆ ಒಂದು ಬ್ಯಾಟ್ರಿಯಿಂದ 1280 ವ್ಯಾಟ್ ಅಷ್ಟೇ, ನಿಮ್ಮ ಒಲೆ ಫುಲ್ಲಲ್ಲಿ ಉರಿಯೋದೇ ಇಲ್ಲ. ಕೊಳ್ಳೋ ಮುಂಚೆ ಆಂಪಿಯರ್ ಅವರ್ ನೋಡೋ ಬದ್ಲು ಕಂಟಿನ್ಯುಯಸ್ ಡಿಸ್ಚಾರ್ಜ್ ಆಂಪಿಯರ್ ಎಷ್ಟು ಅಂತ ನೋಡಿ. ಇನ್ನೊಂದು, ಸೊನ್ನೆ ಡಿಗ್ರಿ ಕೆಳಗೆ ಚಾರ್ಜ್ ಮಾಡ್ಬಾರ್ದು, ಸೆಲ್ ಶಾಶ್ವತವಾಗಿ ಹಾಳಾಗತ್ತೆ. ಮೂರನೇದು, ಎಂಜಿನ್ ಓಡ್ತಾ ಚಾರ್ಜ್ ಆಗ್ತಿರುವಾಗ ಬಿಎಂಎಸ್ ಇದ್ದಕ್ಕಿದ್ದಂಗೆ ಕಟ್ ಮಾಡಿದ್ರೆ ಅಲ್ಟರ್ನೇಟರಿಗೆ (ಎಂಜಿನ್ ಜೊತೆ ತಿರುಗಿ ಕರೆಂಟ್ ಮಾಡೋ ಯಂತ್ರ) ಕರೆಂಟ್ ಕಳ್ಸೋಕೆ ಜಾಗ ಇಲ್ದೆ ವೋಲ್ಟೇಜ್ ಚಿಮ್ಮಿ ಡಯೋಡ್ ಸುಟ್ಟೋಗತ್ತೆ. ಅಮೆರಿಕದ ಎಬಿವೈಸಿ ಅನ್ನೋ ಬೋಟ್ ಸ್ಟ್ಯಾಂಡರ್ಡ್ ಸಂಸ್ಥೆ 2022ರಲ್ಲಿ ಲಿಥಿಯಂಗೇ ಅಂತ ಇ-13 ಹೊರಡಿಸ್ತು, ಅದ್ರಲ್ಲಿ ಬಿಎಂಎಸ್ ಕಟ್ ಮಾಡೋ ಮುಂಚೆ ಲೈಟಲ್ಲೋ ಸದ್ದಲ್ಲೋ ಎಚ್ಚರಿಕೆ ಕೊಡ್ಬೇಕು ಅಂತ ಇರೋದು ಇಂಥದ್ದಕ್ಕೇ.

ಫ್ಯೂಸ್. ಇಲ್ಲಿ ಜನ ದುಡ್ಡು ಉಳಿಸೋಕೆ ನೋಡ್ತಾರೆ, ದಯವಿಟ್ಟು ಬೇಡ. ಎಲ್‌ಎಫ್‌ಪಿ ಒಳಗಿನ ರೆಸಿಸ್ಟೆನ್ಸ್ ಎಷ್ಟು ಕಮ್ಮಿ ಅಂದ್ರೆ ಶಾರ್ಟ್ ಆದ್ರೆ ಸಾವಿರಾರು ಆಂಪಿಯರ್ ನುಗ್ಗತ್ತೆ, ಸಾಧಾರಣ ಫ್ಯೂಸ್ ಸುಟ್ರೂ ಅದ್ರ ಎರಡು ತುದಿ ಮಧ್ಯೆ ಕಿಡಿ ಸೇತುವೆ ಥರ ನಿಂತ್ಬಿಡತ್ತೆ, ಅಂದ್ರೆ ಫ್ಯೂಸ್ ಹೋಗಿದೆ, ಕರೆಂಟ್ ಹೋಗಿಲ್ಲ. ಕ್ಲಾಸ್ ಟಿ ಅನ್ನೋ ಫ್ಯೂಸ್ 20,000 ಆಂಪಿಯರ್ ಶಾರ್ಟನ್ನೂ ಕತ್ತರಿಸಿ ಹಾಕತ್ತೆ, ಲಿಥಿಯಂ ಬ್ಯಾಟ್ರಿಯ ಮೊದಲ ಫ್ಯೂಸ್ ಅದೇ ಇರ್ಲಿ. ಜಾಗನೂ ಮುಖ್ಯ, ಎಬಿವೈಸಿಯ ಇ-11 ಪ್ರಕಾರ ಕರೆಂಟ್ ಹೊರಡೋ ಜಾಗದಿಂದ 7 ಇಂಚೊಳಗೆ ಫ್ಯೂಸ್ ಇರ್ಬೇಕು, ಬ್ಯಾಟ್ರಿಯಿಂದ ಹೊರಡೋ ಕೇಬಲ್ಲಿಗೆ ಪೂರ್ತಿ ಕವಚ ಹಾಕಿದ್ರೆ 72 ಇಂಚಿನ ತನಕ ರಿಯಾಯಿತಿ ಇದೆ, ಆದ್ರೆ ರಿಯಾಯಿತಿ ಇದೆ ಅಂತ ಬಳಸ್ಲೇಬೇಕು ಅಂತೇನಿಲ್ಲ. ಫ್ಯೂಸ್ ಕಾಪಾಡೋದು ಒಲೆಯನ್ನಲ್ಲ, ಕೇಬಲ್ಲನ್ನ. ಅದಕ್ಕೇ ಅದ್ರ ಸೈಜ್ ಕೇಬಲ್ ತಡೆಯೋ ಕರೆಂಟಿಗಿಂತ ಕಮ್ಮಿ, ನೀವು ಎಳೆಯೋ ಕರೆಂಟಿಗಿಂತ ಸ್ವಲ್ಪ ಜಾಸ್ತಿ ಇರ್ಬೇಕು, ನಮ್ಮ ಲೆಕ್ಕಕ್ಕೆ 200 ಅಥವಾ 225.

ಇನ್ವರ್ಟರ್ ಪ್ಯೂರ್ ಸೈನ್ ವೇವ್ ಆಗಿರ್ಲಿ, ಅದ್ರ ಬಗ್ಗೆ ಚರ್ಚೆ ಬೇಡ. ಡಬ್ಬಿ ಮೇಲಿನ ದೊಡ್ಡ ನಂಬರ್ ಮಾತ್ರ ನಂಬ್ಬೇಡಿ. 3000 ವಿಎ (ವೋಲ್ಟ್ ಆಂಪಿಯರ್, ವ್ಯಾಟ್ ಅಲ್ಲ) ಅಂತ ಬರ್ದಿರೋ ವಿಕ್ಟ್ರಾನ್ ಮಲ್ಟಿಪ್ಲಸ್ ನಿಜಕ್ಕೂ 25 ಡಿಗ್ರೀಲಿ 2400 ವ್ಯಾಟ್, 40 ಡಿಗ್ರೀಲಿ 2200 ವ್ಯಾಟ್ ಕೊಡತ್ತೆ, ಅವ್ರು ಅದನ್ನ ಡೇಟಾಶೀಟಲ್ಲಿ ಪ್ರಾಮಾಣಿಕವಾಗಿ ಹಾಕಿದಾರೆ, ಹಾಕದೇ ಇರೋರೂ ಇದಾರೆ. ಬಿಸಿಲಲ್ಲಿ ಮುಚ್ಚಿದ ಲಾಕರೊಳಗೆ 40 ಡಿಗ್ರಿ ಏನೂ ಅಪರೂಪ ಅಲ್ಲ, ಗಾಳಿ ಓಡಾಡೋ ಹಂಗೆ ಬಿಡಿ. ಇನ್ನೊಂದು ಕಳ್ಳ ಖರ್ಚು ಇದೆ, ಇನ್ವರ್ಟರ್ ಸುಮ್ನೆ ಆನ್ ಇದ್ರೂ 20 ವ್ಯಾಟ್ ತಿಂತಾ ಇರತ್ತೆ ಅಂದ್ಕೊಳ್ಳಿ, ದಿನಕ್ಕೆ 480 ವ್ಯಾಟ್ ಅವರ್, ಅಂದ್ರೆ ನಿಮ್ಮ ಅಡುಗೆ ಖರ್ಚಿನ ಅರ್ಧದ ಹತ್ರ, ಒಂದು ಲೋಟ ಟೀನೂ ಮಾಡದೆ! ಒಲೆ ಪಕ್ಕದಲ್ಲೇ ಕೈಗೆ ಸಿಗೋ ಹಂಗೆ ಒಂದು ರಿಮೋಟ್ ಸ್ವಿಚ್ ಹಾಕ್ಕೊಳ್ಳಿ, ಅಡುಗೆ ಮುಗೀತಾ, ಆಫ್.

ಎಸಿ ಕಡೆ ಒಂದು ವಿಷ್ಯದಲ್ಲಿ ಎಲೆಕ್ಟ್ರಿಷಿಯನ್ ಸಹಾಯ ತಗೊಳ್ಳಿ, ನ್ಯೂಟ್ರಲ್ ಮತ್ತು ಅರ್ಥ್ ಎಲ್ಲಿ ಸೇರ್ಬೇಕು ಅನ್ನೋದು. ಇನ್ವರ್ಟರಲ್ಲಿ ಓಡ್ತಿರುವಾಗ ಅವೆರಡೂ ಇನ್ವರ್ಟರ್ ಹತ್ರ ಸೇರಿರ್ಬೇಕು, ಇಲ್ಲಾಂದ್ರೆ ಕರೆಂಟ್ ಸೋರಿದ್ರೆ ಕಟ್ ಮಾಡೋ 30 ಮಿಲಿ ಆಂಪಿಯರ್ ಆರ್‌ಸಿಡಿ ಇದ್ರೂ ಟ್ರಿಪ್ ಆಗಲ್ಲ. ದಡದ ಕರೆಂಟ್ ಚುಚ್ಚಿದ ತಕ್ಷಣ ಆ ಜೋಡಣೆ ಬಿಟ್ಕೊಬೇಕು, ಯಾಕಂದ್ರೆ ದಡದಲ್ಲಿ ಅದು ಆಗ್ಲೇ ಸೇರಿರತ್ತೆ, ಎರಡೂ ಕಡೆ ಸೇರಿದ್ರೆ ಅರ್ಥ್ ವೈರಲ್ಲಿ ಕರೆಂಟ್ ಹರಿಯತ್ತೆ. ಒಳ್ಳೇ ಇನ್ವರ್ಟರ್ ಚಾರ್ಜರಲ್ಲಿ ಇದಕ್ಕೊಂದು ರಿಲೇ ಇರತ್ತೆ, ಅಗ್ಗದ ಇನ್ವರ್ಟರಲ್ಲಿ ಇರಲ್ಲ. ದಡದ ಅರ್ಥ್ ವೈರ್ ಮೂಲಕ ಪಕ್ಕದ ಬೋಟಿಗೂ ನಿಮ್ಮ ಬೋಟಿನ ನೀರೊಳಗಿನ ಲೋಹಕ್ಕೂ ನಂಟು ಬೆಳೆದು ಸತುವಿನ ಆನೋಡ್ (ಬೋಟಿನ ಲೋಹ ಸವೀದಂಗೆ ತಾನು ಸವೆಯೋ ತುಂಡು) ಬೇಗ ಕರಗ್ತಾ ಹೋಗತ್ತೆ, ಅದಕ್ಕೊಂದು ಗ್ಯಾಲ್ವನಿಕ್ ಐಸೊಲೇಟರ್ ಹಾಕ್ಬೇಕು.

ಈಗ ಒಲೆ, ಕೊನೆಗೂ. ಎರಡು ವಿಷ್ಯ ನೋಡಿ ಸಾಕು. ಒಂದು, ಸಣ್ಣ ಉರಿ ಅಂತ ಇಟ್ಟಾಗ ನಿಜವಾಗ್ಲೂ 300 ವ್ಯಾಟಲ್ಲಿ ಓಡತ್ತಾ, ಅಥವಾ ಎರಡು ಸೆಕೆಂಡ್ ಫುಲ್ಲು ಎಂಟು ಸೆಕೆಂಡ್ ಆಫು ಅಂತ ಕಣ್ಣಾಮುಚ್ಚಾಲೆ ಆಡತ್ತಾ, ಅಗ್ಗದವು ಆಡ್ತವೆ, ಆಗ ಬ್ಯಾಟ್ರಿಗೂ ಇನ್ವರ್ಟರಿಗೂ ಪ್ರತೀ ಸಲ ಒದೆ, ಸಾರು ಕುದಿಯೋದೂ ಸರಿಯಾಗಿ ಆಗಲ್ಲ. ಎರಡು, ಗರಿಷ್ಠ ವ್ಯಾಟನ್ನ ಮಿತಿ ಮಾಡೋ ಸೌಲಭ್ಯ, ಎರಡು ಬರ್ನರ್ ಒಲೆ ಬಿಟ್ರೆ 3500 ವ್ಯಾಟ್ ಎಳೆಯೋಕೆ ನೋಡತ್ತೆ. ಪಾತ್ರೆಗೆ ಅಯಸ್ಕಾಂತ ಅಂಟ್ಬೇಕು, ಬರೀ ಅಲ್ಯೂಮಿನಿಯಂ ನಡ್ಯಲ್ಲ. ಅಲೆಗೆ ಬೋಟ್ ಓಲಾಡುವಾಗ ಗ್ಯಾಸ್ ಸ್ಟವ್ ಜೋಕಾಲಿ ಥರ ತೂಗಿ ಸಮ ನಿಲ್ತಿತ್ತು, ಗಾಜಿನ ಒಲೆ ಹಂಗೆ ನಿಲ್ಲಲ್ಲ, ನುಣ್ಣಗಿರೋದ್ರಿಂದ ಪಾತ್ರೆ ಐಸ್ ಮೇಲೆ ಹೋದಂಗೆ ಜಾರತ್ತೆ. ತೆಳು ಸಿಲಿಕೋನ್ ಮ್ಯಾಟ್ ಹಾಸಿ, ಪಾತ್ರೆ ಹಿಡಿಯೋ ಕಂಬಿ ಹಾಕಿ, ಆಳದ ಪಾತ್ರೇಲಿ ಅರ್ಧಕ್ಕಿಂತ ಜಾಸ್ತಿ ತುಂಬ್ಬೇಡಿ.

ತುಂಬ್ಸೋ ಕಡೆ ಸೋಲಾರಿಂದ ಆಸೆ ಜಾಸ್ತಿ ಇಟ್ಕೊಬೇಡಿ, ಪ್ಯಾನೆಲ್ ವ್ಯಾಟನ್ನ ಮೂರೂವರೆಯಿಂದ ಗುಣಿಸಿದ್ರೆ ಬಿಸಿಲಿರೋ ದಿನ ಸಿಗೋ ವ್ಯಾಟ್ ಅವರ್ ಹತ್ರಕ್ಕೆ ಬರತ್ತೆ, ದಿನಕ್ಕೆ 2.1 ಯೂನಿಟ್ ಬೇಕಂದ್ರೆ 600 ವ್ಯಾಟ್ ಪ್ಯಾನೆಲ್. ಕೂವೆ ಮರದ (ಹಾಯಿ ಕಟ್ಟೋ ಕಂಬ) ನೆರಳು ಒಂದು ಗೆರೆ ಬಿದ್ರೂ ಪ್ಯಾನೆಲ್ ಸೊರಗತ್ತೆ, ಸಾಧ್ಯವಾದ್ರೆ ಒಂದೊಂದಕ್ಕೂ ಬೇರೆ ಬೇರೆ ಎಂಪಿಪಿಟಿ (ಪ್ಯಾನೆಲಿಂದ ಆದಷ್ಟು ಜಾಸ್ತಿ ಹಿಂಡಿ ಬ್ಯಾಟ್ರಿ ತುಂಬ್ಸೋ ಕಂಟ್ರೋಲರ್) ಇರ್ಲಿ. ಅಲ್ಟರ್ನೇಟರ್ 100 ಆಂಪಿಯರ್ ಅಂತಿದ್ರೂ ಬಿಸಿಯಾದ ಮೇಲೆ 60 ಕೊಟ್ರೆ ದೊಡ್ಡದು, ಗಂಟೆಗೆ 0.8 ಯೂನಿಟ್. ಲಿಥಿಯಂ ಎಷ್ಟು ಕೊಟ್ರೂ ನುಂಗತ್ತೆ, ಹಂಗಾಗಿ ಅಲ್ಟರ್ನೇಟರ್ ಬಿಡುವಿಲ್ದೆ ದುಡಿದು ಸುಟ್ಕೊಳತ್ತೆ, ಮಧ್ಯೆ ಡಿಸಿ ಟು ಡಿಸಿ ಚಾರ್ಜರೋ ಶಾಖ ನೋಡಿ ಕಮ್ಮಿ ಮಾಡೋ ರೆಗ್ಯುಲೇಟರೋ ಬೇಕೇ ಬೇಕು.

ಕೂರಿಸೋ ಕೆಲ್ಸದಲ್ಲಿ ತವರದ ಲೇಪ ಇರೋ ಎಳೆ ಎಳೆ ತಾಮ್ರದ ಕೇಬಲ್, ಹೈಡ್ರಾಲಿಕ್ ಕ್ರಿಂಪರಲ್ಲಿ ಒತ್ತಿದ ಲಗ್ (ಕೇಬಲ್ ತುದೀಲಿ ಬೋಲ್ಟಿಗೆ ಹಾಕೋ ಲೋಹದ ಬಳೆ), ಅಂಟು ಇರೋ ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಬಿಗಿಯಾಗಿ ಕೂರೋ ಕೊಳವೆ), ಇಷ್ಟರಲ್ಲಿ ರಾಜಿ ಮಾಡ್ಕೊಬೇಡಿ. ಸುತ್ತಿಗೇಲಿ ಹೊಡೆದು ಲಗ್ ಕೂರ್ಸೋದು ಬೇಡ. ಎಲ್ಲಾ ಆದ್ಮೇಲೆ ದೊಡ್ಡ ಪಾತ್ರೆ ತುಂಬಾ ನೀರಿಟ್ಟು, ಎಂಜಿನ್ ಆಫ್ ಮಾಡಿ, ಬ್ಯಾಟ್ರಿ ಅರ್ಧಕ್ಕೆ ಇಳಿದಿರುವಾಗ ಒಲೇನ ಫುಲ್ಲಲ್ಲಿ ಇಪ್ಪತ್ತು ನಿಮಿಷ ಓಡಿಸಿ. ಮಲ್ಟಿಮೀಟರಲ್ಲಿ ಬ್ಯಾಟ್ರಿ ತುದೀಲಿ ವೋಲ್ಟೇಜ್ ಎಷ್ಟು, ಇನ್ವರ್ಟರ್ ತುದೀಲಿ ಎಷ್ಟು, ಅವೆರಡರ ವ್ಯತ್ಯಾಸ ನೀವು ದಾರೀಲಿ ಕಳ್ಕೊತಿರೋದು. ಆಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡ್ಕೊಂಡು ಒಂದೊಂದೇ ಲಗ್ ನೋಡ್ತಾ ಹೋಗಿ, ಪಕ್ಕದವಕ್ಕಿಂತ ಯಾವ್ದಾದ್ರೂ ಒಂದು ಜಾಸ್ತಿ ಬಿಸಿ ಇದ್ರೆ ಅಲ್ಲೇನೋ ಎಡವಟ್ಟಾಗಿದೆ. ನನ್ನ ಬೋಟಲ್ಲಿ ಹಂಗೇ ಒಂದು ಲಗ್ಗಿನ ಹೀಟ್ ಶ್ರಿಂಕ್ ಕಂದಿ ಹೋಗಿತ್ತು, ಬಿಚ್ಚಿ ನೋಡಿದ್ರೆ ಬ್ಯಾಟ್ರಿ ತುದಿಗೂ ಲಗ್ಗಿಗೂ ನಡುವೆ ಒಂದು ಸ್ಟೇನ್‌ಲೆಸ್ ವಾಷರ್, ನಾನೇ ಹಾಕಿದ್ದು. ಸ್ಟೇನ್‌ಲೆಸ್ ಸ್ಟೀಲಿನ ರೆಸಿಸ್ಟೆನ್ಸ್ ತಾಮ್ರದ 40 ಪಟ್ಟು. ಮೊದಲು ಲಗ್, ಅದ್ರ ಮೇಲೆ ವಾಷರ್, ಆಮೇಲೆ ನಟ್ಟು.